ಅಂತರಜಾಲದ ಹೊಸ ವಿಳಾಸ ಪದ್ಧತಿ: ಸೇವಾದಾರರ ಲೆಕ್ಕಾಚಾರ ಮತ್ತು ವರ್ತಕರ ಹಿತ

ಸರ್ಕಾರದ ಇ-ಸಂಗ್ರಹಣಾ ತಾಣಗಳಲ್ಲಿ ಟೆಂಡರ್ ಸಲ್ಲಿಸುವ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ದರಪಟ್ಟಿ, ಮುಂಗಡ ಠೇವಣಿ, ಡಿಜಿಟಲ್ ಸಹಿ ಮುಂತಾದವುಗಳ ಬಗ್ಗೆ ಸಾಕಷ್ಟು ಎಚ್ಚರಿಕೆ ವಹಿಸುತ್ತಾರೆ. ಆದರೆ ತಮ್ಮ ಬಿಡ್ ಯಾವ ಅಂತರಜಾಲ ವಿಳಾಸದಿಂದ ಹೊರಟು ಸರ್ಕಾರದ ಗಣಕಯಂತ್ರವನ್ನು ತಲುಪಿತೆಂಬುದನ್ನು ವಿಚಾರಿಸುವವರು ವಿರಳ. ವಾಸ್ತವವಾಗಿ ಪ್ರತಿಯೊಂದು ಬಿಡ್‌ನೊಡನೆ ಆ ವಿಳಾಸವೂ ದಾಖಲಾಗುತ್ತದೆ. ಪುಣೆ ಮಹಾನಗರಪಾಲಿಕೆಯ ಘನತ್ಯಾಜ್ಯ ಸಂಸ್ಕರಣಾ ಟೆಂಡರುಗಳಿಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2018ರಲ್ಲಿ ಆದೇಶ ನೀಡಿದಾಗ, ಪರಸ್ಪರ ಸ್ಪರ್ಧಿಗಳೆನಿಸಿಕೊಂಡವರ ಬಿಡ್‌ಗಳು ಒಂದೇ ಐಪಿ ವಿಳಾಸದಿಂದ ಸಲ್ಲಿಕೆಯಾಗಿದ್ದವೆಂಬ ಅಂಶವನ್ನು ಇತರ ಸಾಕ್ಷ್ಯಗಳೊಡನೆ ಒಳಒಪ್ಪಂದದ ಸೂಚನೆಯಾಗಿ ಪರಿಗಣಿಸಿತು. ಆ ಪ್ರಕರಣದಲ್ಲಿ ಬೇರೆ ಪುರಾವೆಗಳೂ ಇದ್ದವು. ವಿಳಾಸವೊಂದರಿಂದಲೇ ಯಾರನ್ನೂ ತಪ್ಪಿತಸ್ಥರೆಂದು ತೀರ್ಮಾನಿಸಲಾಗದು. ಆದರೂ ಸಂಶಯದ ಮೊದಲ ಎಳೆ ಅಲ್ಲಿಂದಲೇ ಆರಂಭವಾಗಬಹುದೆಂಬುದು ಸ್ಪಷ್ಟ.

ಈಗ ಒಂದು ಕೈಗಾರಿಕಾ ವಸಾಹತುವನ್ನು ಕಲ್ಪಿಸಿಕೊಳ್ಳಬಹುದು. ಒಂದೇ ರಸ್ತೆಯಲ್ಲಿ ಎರಡು ಘಟಕಗಳು. ಎರಡೂ ಒಂದೇ ಬಗೆಯ ಕಬ್ಬಿಣದ ಬಿಡಿಭಾಗಗಳನ್ನು ತಯಾರಿಸುತ್ತವೆ. ಮಾಲೀಕರಿಗೆ ಪರಸ್ಪರ ಮಾತುಕತೆಯೂ ಇಲ್ಲ. ಇಬ್ಬರಿಗೂ ಬ್ರಾಡ್‌ಬ್ಯಾಂಡ್ ಒದಗಿಸುವವನು ಮಾತ್ರ ಒಬ್ಬನೇ ಸ್ಥಳೀಯ ಸೇವಾದಾರ. ಆ ಸೇವಾದಾರನ ಬಳಿ ಗ್ರಾಹಕರ ಸಂಖ್ಯೆಗೆ ಸಾಲುವಷ್ಟು ವಿಳಾಸಗಳಿಲ್ಲದ ಕಾರಣ ಹತ್ತಾರು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿರುತ್ತಾನೆ. ಇಬ್ಬರೂ ಪ್ರಾಮಾಣಿಕವಾಗಿ ಪ್ರತ್ಯೇಕ ಬಿಡ್ ಸಲ್ಲಿಸಿದರೂ ಸರ್ಕಾರದ ದಾಖಲೆಯಲ್ಲಿ ವಿಳಾಸ ಒಂದೇ ಆಗಿ ಕಾಣುವ ಸಾಧ್ಯತೆ ಇರುತ್ತದೆ. ತಮ್ಮ ತಪ್ಪಿಲ್ಲವೆಂದು ವಿವರಿಸುವ ಹೊರೆ, ವಕೀಲರ ಶುಲ್ಕ, ಕಾಲಹರಣ ಇವೆಲ್ಲ ಯಾರ ಪಾಲಿಗೆ ಬರುತ್ತವೆ? ಸೇವಾದಾರನ ಪಾಲಿಗಂತೂ ಅಲ್ಲ.

ಕೇವಲ ತಂತ್ರಜ್ಞರ ವಿಷಯವೆಂದು ಬದಿಗಿರಿಸಲ್ಪಟ್ಟಿರುವ ಹೊಸ ಪೀಳಿಗೆಯ ಅಂತರಜಾಲ ವಿಳಾಸ ಪದ್ಧತಿ, ಅಂದರೆ ಐಪಿವಿ-6, ವರ್ತಕರಿಗೆ ಸಂಬಂಧಪಡುವುದು ಇಂತಹ ಕಾರಣಗಳಿಂದ. ಜಾಲ ನಿರ್ವಾಹಕರು ಇದನ್ನು ಅಳವಡಿಸಿಕೊಳ್ಳುವಂತೆ ಮಾಡುವುದು ಹೇಗೆ, ಇಷ್ಟು ವರ್ಷ ಅವರು ಏಕೆ ಹಿಂಜರಿದರು ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಉಪಯುಕ್ತವಾದೀತು.

ಅಭಾವ ಉಂಟಾದ ಬಗೆ

ಅಂತರಜಾಲಕ್ಕೆ ಜೋಡಿಸಿದ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾರೂಪದ ವಿಳಾಸ ಅವಶ್ಯ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಹಳೆಯ ಪದ್ಧತಿಯಾದ ಐಪಿವಿ-4ರ ನಿಯಮಾವಳಿ ಪ್ರಕಟವಾದದ್ದು 1981ರಲ್ಲಿ. ಅದರಲ್ಲಿ ವಿಳಾಸದ ಉದ್ದ 32 ಬಿಟ್. ಹೀಗಾಗಿ ಲಭ್ಯವಿರುವ ಒಟ್ಟು ಸಂಖ್ಯೆ 429 ಕೋಟಿ 49 ಲಕ್ಷಕ್ಕಿಂತ ಕೊಂಚ ಅಧಿಕ. ಜಾಲದ ರೂಪಕರ್ತರಲ್ಲೊಬ್ಬರಾದ ವಿಂಟ್ ಸರ್ಫ್ ಅವರು ಅಂದು ಅದನ್ನು ಒಂದು ಪ್ರಯೋಗವೆಂದೇ ಭಾವಿಸಲಾಗಿತ್ತೆಂದು ಹಲವು ಬಾರಿ ಹೇಳಿಕೊಂಡಿದ್ದಾರೆ. ಪ್ರಯೋಗಶಾಲೆಯ ಪದ್ಧತಿಯೇ ಪೇಟೆಗೂ ಬಂದಿತು.

ಆರಂಭದ ಹಂಚಿಕೆಯೂ ಧಾರಾಳವಾಗಿತ್ತು. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಿಗೆ, ಕಂಪನಿಗಳಿಗೆ ತಲಾ 1,67,77,216 ವಿಳಾಸಗಳ ಇಡೀ ಗುಂಪನ್ನೇ ನೀಡಲಾಗಿತ್ತು. ಜನಸಂಖ್ಯೆಯಲ್ಲಿ ಹಿರಿದಾದ, ಅಂತರಜಾಲಕ್ಕೆ ತಡವಾಗಿ ಬಂದ ಏಷ್ಯಾದ ರಾಷ್ಟ್ರಗಳಿಗೆ ಉಳಿದದ್ದು ಅಲ್ಪ. ಮೊದಲು ಬಂದವರಿಗೆ ಮೂಲೆ ನಿವೇಶನ ದೊರೆತಂತೆ ಎನ್ನಬಹುದು. 2011ರ ಫೆಬ್ರವರಿ 3ರಂದು ಕೇಂದ್ರ ಭಂಡಾರದಲ್ಲಿ ಉಳಿದಿದ್ದ ಕೊನೆಯ ಐದು ಗುಂಪುಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿ ಭಂಡಾರವನ್ನು ಬರಿದು ಮಾಡಲಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಭಾರತವೂ ಒಳಪಡುವ ಏಷ್ಯಾ-ಪೆಸಿಫಿಕ್ ಪ್ರದೇಶದ ಸಂಸ್ಥೆಯಾದ ಎಪ್ನಿಕ್ ತನ್ನ ಕೊನೆಯ ಗುಂಪಿಗೆ ಕೈಹಾಕಿ, ಪಡಿತರ ಪದ್ಧತಿಯನ್ನು ಜಾರಿಗೆ ತಂದಿತು. ಒಬ್ಬ ಸದಸ್ಯನಿಗೆ ಆ ಗುಂಪಿನಿಂದ ಗರಿಷ್ಠ 1,024 ವಿಳಾಸ. 2019ರಿಂದ ಅದೂ 512ಕ್ಕೆ ಇಳಿಯಿತು.

ಅಭಾವದ ಸೂಚನೆ ಹಠಾತ್ತನೆ ಬಂದುದಲ್ಲ. 1990ರ ದಶಕದ ಆರಂಭದಲ್ಲೇ ತಜ್ಞರು ಎಚ್ಚರಿಸಿದ್ದರು. ಅದಕ್ಕೆ ಎರಡು ಉತ್ತರಗಳು ಬಹುತೇಕ ಒಟ್ಟಿಗೇ ರೂಪುಗೊಂಡವು. ಶಾಶ್ವತ ಉತ್ತರವೆಂದರೆ 128 ಬಿಟ್ ಉದ್ದದ ಐಪಿವಿ-6. ಅದರ ಮೊದಲ ನಿಯಮಾವಳಿ 1995ರ ಡಿಸೆಂಬರ್‌ನಲ್ಲಿ, ಪರಿಷ್ಕೃತ ರೂಪ 1998ರಲ್ಲಿ ಪ್ರಕಟವಾದವು. ಪೂರ್ಣಪ್ರಮಾಣದ ಮಾನಕದ ಸ್ಥಾನ ದೊರೆತದ್ದು 2017ರಲ್ಲಿ. ಇದರಲ್ಲಿ ದೊರೆಯುವ ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ತಾತ್ಕಾಲಿಕ ಉತ್ತರವೆಂದರೆ ವಿಳಾಸ ಪರಿವರ್ತನೆ, ರೂಢಿಯ ಮಾತಿನಲ್ಲಿ ನ್ಯಾಟ್. 1994ರಲ್ಲಿ ಇದರ ವಿವರಣೆ ಪ್ರಕಟವಾಯಿತು.

ನ್ಯಾಟ್ ಎಂದರೇನೆಂಬುದು ಹಳೆಯ ಬೆಂಗಳೂರಿನ, ಮೈಸೂರಿನ ವಠಾರಗಳನ್ನು ಕಂಡವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಬಾಗಿಲ ಸಂಖ್ಯೆ ಒಂದೇ. ಒಳಗೆ ಎಂಟು ಸಂಸಾರ. ಒಳಗಿನವರು ಹೊರಗೆ ಕಾಗದ ಬರೆಯಲು ಅಡ್ಡಿಯಿಲ್ಲ. ಬರೆದ ಕಾಗದಕ್ಕೆ ಬಂದ ಉತ್ತರವನ್ನು ವಠಾರದ ಯಜಮಾನರು ನೆನಪಿಟ್ಟು ಸರಿಯಾದ ಮನೆಗೆ ತಲುಪಿಸುತ್ತಾರೆ. ಆದರೆ ಹೊರಗಿನಿಂದ ಹೊಸದಾಗಿ ಬಂದವನಿಗೆ ಒಳಗಿನ ಇಂತಹ ಮನೆಯೆಂದು ಗುರುತಿಸುವ ಮಾರ್ಗವಿಲ್ಲ. ಮನೆಯೊಳಗಿನ ರೌಟರ್ ಮಾಡುವುದು ಇದನ್ನೇ. ವಿಳಾಸಗಳು ಇನ್ನಷ್ಟು ಕಡಿಮೆಯಾದಾಗ ಸೇವಾದಾರರು ಇದೇ ಉಪಾಯವನ್ನು ತಮ್ಮ ಕೇಂದ್ರದಲ್ಲೇ ದೊಡ್ಡ ಪ್ರಮಾಣದಲ್ಲಿ ಆರಂಭಿಸಿದರು. ಅಂದರೆ ವಠಾರಕ್ಕೊಂದು ಸಂಖ್ಯೆಯಿದ್ದುದು ಹೋಗಿ ಇಡೀ ಬೀದಿಗೇ ಒಂದು ಬಾಗಿಲ ಸಂಖ್ಯೆ ಎಂಬಂತಾಯಿತು. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ.

ಸೇವಾದಾರರು ಹಿಂಜರಿದುದೇಕೆ?

ಉತ್ತಮ ಪದ್ಧತಿ 1990ರ ದಶಕದಲ್ಲೇ ಸಿದ್ಧವಿದ್ದರೂ ಅದನ್ನು ಅಳವಡಿಸಲು ವಿಶ್ವವೇ ತಡಮಾಡಿದ್ದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಲೆಕ್ಕಪತ್ರವನ್ನು ಬಿಡಿಸಿ ನೋಡಿದರೆ ಅಂದಿನ ಹಿಂಜರಿಕೆ ತಕ್ಕಮಟ್ಟಿಗೆ ತರ್ಕಬದ್ಧವೇ ಆಗಿತ್ತು.

ಹೊಸ ವಿಳಾಸದ ಯಂತ್ರ ಮತ್ತು ಹಳೆಯ ವಿಳಾಸದ ಯಂತ್ರ ಇವೆರಡೂ ನೇರವಾಗಿ ಸಂಭಾಷಿಸಲಾರವು. ಆದ್ದರಿಂದ ಹೊಸದನ್ನು ಅಳವಡಿಸಿದ ಮಾತ್ರಕ್ಕೆ ಹಳೆಯದನ್ನು ಕೈಬಿಡುವಂತಿಲ್ಲ. ಎರಡನ್ನೂ ಜೊತೆಜೊತೆಯಾಗಿ ನಡೆಸಬೇಕು. ಸಿಬ್ಬಂದಿಯ ತರಬೇತಿ, ಹಳೆಯ ಉಪಕರಣಗಳ ಬದಲಾವಣೆ, ಬಿಲ್ಲಿಂಗ್ ತಂತ್ರಾಂಶದ ತಿದ್ದುಪಡಿ ಇವೆಲ್ಲದರ ವೆಚ್ಚ ಈ ವರ್ಷದ ಲಾಭ-ನಷ್ಟದ ತಖ್ತೆಗೆ ಬರುತ್ತದೆ. ಆದಾಯದ ಬದಿಯಲ್ಲಿ ಬರೆಯುವುದೇನು? ಹೊಸ ಪದ್ಧತಿಯ ವಿಳಾಸ ಕೊಟ್ಟಿದ್ದೇವೆಂದು ಗ್ರಾಹಕನಿಂದ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. ಜಾಲತಾಣಗಳ ಒಡೆಯರು ಹೊಸ ವಿಳಾಸದ ಬಳಕೆದಾರರಿಲ್ಲವೆಂದು ಸುಮ್ಮನಿದ್ದರು. ಸೇವಾದಾರರು ಹೊಸ ವಿಳಾಸದ ತಾಣಗಳಿಲ್ಲವೆಂದು ಸುಮ್ಮನಿದ್ದರು. ಮೊದಲು ಹೆಜ್ಜೆಯಿಟ್ಟವನಿಗೆ ಖರ್ಚು, ಕೊನೆಗೆ ಬಂದವನಿಗೆ ಅನುಕೂಲ ಎಂಬ ಪರಿಸ್ಥಿತಿಯಲ್ಲಿ ಯಾವ ವಿವೇಕಿ ವ್ಯಾಪಾರಿಯೂ ಮೊದಲಿಗನಾಗಲು ಬಯಸುವುದಿಲ್ಲ. 2011ರ ಜೂನ್ 8ರಂದು ದೊಡ್ಡ ಜಾಲತಾಣಗಳು ಒಂದು ದಿನದ ಮಟ್ಟಿಗೆ ಪರೀಕ್ಷಾರ್ಥವಾಗಿ, ಪುನಃ 2012ರ ಜೂನ್ 6ರಂದು ಶಾಶ್ವತವಾಗಿ ಹೊಸ ವಿಳಾಸವನ್ನು ಒಟ್ಟಾಗಿ ಆರಂಭಿಸಿದ್ದು ಈ ಬಿಕ್ಕಟ್ಟನ್ನು ಬಿಡಿಸುವ ಉದ್ದೇಶದಿಂದಲೇ.

ಇನ್ನೊಂದು ಕಾರಣ ಕುತೂಹಲಕರವಾದುದು. ಅಭಾವ ಉಂಟಾದೊಡನೆ ಹಳೆಯ ವಿಳಾಸಗಳಿಗೆ ಬೆಲೆ ಬಂದಿತು. 2011ರಲ್ಲಿ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ ಸಂಸ್ಥೆ 75 ಲಕ್ಷ ಡಾಲರ್‌ಗೆ, ಅಂದರೆ ತಲಾ 11.25 ಡಾಲರ್‌ನಂತೆ ಖರೀದಿಸಿತು. ಒಂದು ದಶಕದ ನಂತರ, 2021ರ ವೇಳೆಗೆ, ಮಾರುಕಟ್ಟೆ ದರ 50 ಡಾಲರ್ ಆಸುಪಾಸಿಗೆ ಏರಿತು. ಆ ಬಳಿಕ ಇಳಿದಿದೆ. ಹಳೆಯ ದಾಸ್ತಾನು ಹೊಂದಿರುವ ದೊಡ್ಡ ಸೇವಾದಾರನಿಗೆ ಅಭಾವ ಮುಂದುವರಿದಷ್ಟೂ ದಾಸ್ತಾನಿನ ಬೆಲೆ ಉಳಿಯುತ್ತದೆ, ಹೊಸ ಪ್ರತಿಸ್ಪರ್ಧಿಯ ಪ್ರವೇಶವೂ ದುಬಾರಿಯಾಗುತ್ತದೆ. ಇಂತಹವರು ಹೊಸ ಪದ್ಧತಿಗೆ ಉತ್ಸಾಹ ತೋರದಿದ್ದರೆ ಆಶ್ಚರ್ಯವಿಲ್ಲ.

ಪ್ರಾಸಂಗಿಕವಾಗಿ ಒಂದು ಮಾತು. ಖರೀದಿಸಿದ ವಿಳಾಸಗಳನ್ನು ಲೆಕ್ಕಪತ್ರದಲ್ಲಿ ಹೇಗೆ ತೋರಿಸಬೇಕೆಂಬ ಪ್ರಶ್ನೆ ಉದ್ಭವಿಸುತ್ತದೆ. ನೋಂದಣಿ ಸಂಸ್ಥೆಗಳು ವಿಳಾಸವನ್ನು ಸ್ವತ್ತೆಂದು ಒಪ್ಪುವುದಿಲ್ಲ. ಅದು ಬಳಕೆಯ ಹಕ್ಕು ಮಾತ್ರ, ವರ್ಗಾವಣೆಗೆ ಸಂಸ್ಥೆಯ ಅನುಮೋದನೆ ಬೇಕು. ಆದರೂ ಸಂಸ್ಥೆಯ ನಿಯಂತ್ರಣದಲ್ಲಿದ್ದು ಭವಿಷ್ಯದ ಆರ್ಥಿಕ ಪ್ರಯೋಜನ ನೀಡುವ ಖರೀದಿಸಿದ ಹಕ್ಕನ್ನು ಲೆಕ್ಕಪತ್ರ ಮಾನಕ 26ರ ಅನ್ವಯ ಅಮೂರ್ತ ಆಸ್ತಿಯಾಗಿ ಪರಿಗಣಿಸಲು ಸಮರ್ಥನೆ ಇದೆ. ಇದರ ಮೌಲ್ಯ ನಿಂತಿರುವುದು ಇತರರ ವಿಳಂಬದ ಮೇಲೆ. ಬೇರೆಯವರು ಹೊಸ ಪದ್ಧತಿಗೆ ಬದಲಾದಂತೆಲ್ಲ ಕರಗುವ ಆಸ್ತಿಯನ್ನು ಅನಂತಕಾಲದ ಆಸ್ತಿಯೆಂದು ತೋರಿಸುವುದು ಯಾವ ಲೆಕ್ಕಪರಿಶೋಧಕನಿಗೂ ಒಪ್ಪಿಗೆಯಾಗಲಾರದು.

ತಪ್ಪಿದ ಗಡುವುಗಳು

ಭಾರತದಲ್ಲಿ ಈ ವಿಷಯವನ್ನು ಯಾರೂ ಗಮನಿಸಲಿಲ್ಲವೆಂದು ಹೇಳುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2006ರ ಜನವರಿಯಲ್ಲೇ ಪರಿವರ್ತನೆಯ ಕುರಿತು ಶಿಫಾರಸು ನೀಡಿತ್ತು. ದೂರಸಂಪರ್ಕ ಇಲಾಖೆಯು 2010ರ ಜುಲೈನಲ್ಲಿ ರಾಷ್ಟ್ರೀಯ ಮಾರ್ಗನಕ್ಷೆಯೊಂದನ್ನು ಪ್ರಕಟಿಸಿ, ಪ್ರಮುಖ ಸೇವಾದಾರರು 2011ರ ಡಿಸೆಂಬರ್ ಒಳಗೆ, ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಇಲಾಖೆಗಳು 2012ರ ಮಾರ್ಚ್ ಒಳಗೆ ಹೊಸ ಪದ್ಧತಿಗೆ ಸಿದ್ಧರಾಗಬೇಕೆಂದಿತು. ಗಡುವು ಬಂದಿತು, ಹೋಯಿತು. 2013ರ ಮಾರ್ಚ್‌ನಲ್ಲಿ ಎರಡನೆಯ ಮಾರ್ಗನಕ್ಷೆ ಹೊರಬಂದಿತು. ಅದರನ್ವಯ 2014ರ ಜನವರಿ 1ರ ನಂತರ ಉದ್ದಿಮೆಗಳಿಗೆ ನೀಡುವ ಪ್ರತಿಯೊಂದು ಹೊಸ ಸಂಪರ್ಕವೂ ಹೊಸ ವಿಳಾಸಕ್ಕೆ ಸಮರ್ಥವಾಗಿರಬೇಕಿತ್ತು. 2021ರ ನವೆಂಬರ್‌ನಲ್ಲಿ ದಿನಾಂಕಗಳು ಪುನಃ ಬದಲಾದವು: ಸರ್ಕಾರಿ ಸಂಸ್ಥೆಗಳಿಗೆ 2022ರ ಜೂನ್ 30, ಸೇವಾದಾರರ ಹೊಸ ತಂತಿ ಸಂಪರ್ಕಗಳಿಗೆ 2022ರ ಡಿಸೆಂಬರ್ 31.

ದಂಡವಿಲ್ಲದ ಗಡುವಿಗೆ ವಾಣಿಜ್ಯ ಪ್ರಪಂಚದಲ್ಲಿ ಎಷ್ಟು ಬೆಲೆಯೆಂಬುದನ್ನು ತೆರಿಗೆ ವಿವರಪಟ್ಟಿ ಸಲ್ಲಿಸುವವರಿಗೆ ವಿವರಿಸಬೇಕಾಗಿಲ್ಲ.

ನಿಜವಾದ ಬದಲಾವಣೆ ಬಂದದ್ದು ಬೇರೊಂದು ಕಡೆಯಿಂದ. 2016ರ ಸೆಪ್ಟೆಂಬರ್ 5ರಂದು ರಿಲಯನ್ಸ್ ಜಿಯೋ ವಾಣಿಜ್ಯ ಸೇವೆ ಆರಂಭಿಸಿತು. ತಡವಾಗಿ ಬಂದ ಈ ಸಂಸ್ಥೆಗೆ ಕೋಟ್ಯಂತರ ಗ್ರಾಹಕರಿಗೆ ಸಾಲುವಷ್ಟು ಹಳೆಯ ವಿಳಾಸಗಳು ದೊರೆಯುವ ಸಂಭವವಿರಲಿಲ್ಲ. ಅದರ ಜಾಲದಲ್ಲಿ ಧ್ವನಿ ಕರೆಯೂ ಅಂತರಜಾಲ ಪದ್ಧತಿಯಲ್ಲೇ ಸಾಗುವುದರಿಂದ ಪ್ರತಿ ದೂರವಾಣಿಗೂ ಸದಾಕಾಲ ವಿಳಾಸ ಬೇಕಿತ್ತು. ಹಳೆಯ ಉಪಕರಣಗಳ ಹೊರೆಯೂ ಇರಲಿಲ್ಲ. ಆರಂಭದಿಂದಲೇ ಹೊಸ ಪದ್ಧತಿಯನ್ನು ಅಳವಡಿಸುವುದು ಅದಕ್ಕೆ ಆದರ್ಶಕ್ಕಿಂತ ಹೆಚ್ಚಾಗಿ ಅಗತ್ಯವಾಗಿತ್ತು. ಇತರ ಮೊಬೈಲ್ ಸಂಸ್ಥೆಗಳೂ ಹಿಂಬಾಲಿಸಿದವು. ಅಲ್ಲಿಯವರೆಗೆ ಈ ವಿಷಯದಲ್ಲಿ ಅತ್ಯಂತ ಹಿಂದುಳಿದಿದ್ದ ಭಾರತ ಎರಡು ವರ್ಷಗಳೊಳಗೆ ವಿಶ್ವದ ಮುಂಚೂಣಿಯ ರಾಷ್ಟ್ರಗಳ ಸಾಲಿಗೆ ಸೇರಿತು. ಗೂಗಲ್ ಮತ್ತು ಎಪ್ನಿಕ್ ಪ್ರಕಟಿಸುವ ಮಾಪನಗಳ ಪ್ರಕಾರ ಇಂದು ಭಾರತದ ಬಳಕೆದಾರರಲ್ಲಿ ಸುಮಾರು ಶೇ. 70 ಅಥವಾ ಅದಕ್ಕೂ ಹೆಚ್ಚು ಮಂದಿಗೆ ಹೊಸ ವಿಳಾಸ ಲಭ್ಯವಿದೆ; ವಿಶ್ವದ ಸರಾಸರಿ ಅರ್ಧದ ಆಸುಪಾಸಿನಲ್ಲಿದೆ.

ಈ ಹೆಗ್ಗಳಿಕೆಯಲ್ಲಿ ಒಂದು ಮರೆವು ಅಡಗಿದೆ. ಆ ಶೇಕಡಾವಾರಿನ ಬಹುಭಾಗ ಮೊಬೈಲ್ ದೂರವಾಣಿಯದು. ಅಂಗಡಿ, ಗೋದಾಮು, ಕಾರ್ಖಾನೆಗಳು ಆಶ್ರಯಿಸಿರುವುದು ತಂತಿಯ ಬ್ರಾಡ್‌ಬ್ಯಾಂಡನ್ನು. ಆ ವಲಯದಲ್ಲಿ, ಅದರಲ್ಲೂ ಜಿಲ್ಲೆ-ತಾಲ್ಲೂಕು ಮಟ್ಟದ ಸಣ್ಣ ಸೇವಾದಾರರಲ್ಲಿ, ಪರಿವರ್ತನೆ ನಿಧಾನವಾಗಿದೆ. ಮಾಲೀಕರ ಜೇಬಿನಲ್ಲಿರುವ ದೂರವಾಣಿಗೆ ಹೊಸ ವಿಳಾಸ, ಅವರ ಕಚೇರಿಯ ಗಣಕಯಂತ್ರಕ್ಕೆ ಹಂಚಿಕೆಯ ಹಳೆಯ ವಿಳಾಸ ಎಂಬ ವಿಚಿತ್ರ ಸ್ಥಿತಿಯೂ ಹಲವೆಡೆ ಉಂಟು.

ಲೆಕ್ಕ ಬದಲಾಗಿರುವುದನ್ನು ಸೇವಾದಾರರಿಗೆ ತೋರಿಸಬೇಕು

ಸಣ್ಣ ಸೇವಾದಾರರನ್ನು ಒಪ್ಪಿಸಲು ರಾಷ್ಟ್ರಹಿತದ ಭಾಷಣ ಉಪಯೋಗಕ್ಕೆ ಬಾರದು. ಅವರ ಲೆಕ್ಕವನ್ನು ಅವರ ಮುಂದೆಯೇ ಇಡುವುದು ಉತ್ತಮ. ತಾಲ್ಲೂಕು ಕೇಂದ್ರವೊಂದರಲ್ಲಿ 5,000 ಗ್ರಾಹಕರಿರುವ ಸೇವಾದಾರನನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವನಿಗೆ ಪಡಿತರದಲ್ಲಿ ದೊರೆತದ್ದು 512 ಹಳೆಯ ವಿಳಾಸವೆಂದಿರಲಿ. ಪ್ರತಿ ಗ್ರಾಹಕನಿಗೂ ಒಂದರಂತೆ ಕೊಡಲು ಇನ್ನೂ 4,488 ಬೇಕು. ಮಾರುಕಟ್ಟೆಯಲ್ಲಿ ವರ್ಗಾವಣೆ ನಡೆಯುವ ಕನಿಷ್ಠ ಗುಂಪು 256ರದಾದುದರಿಂದ 18 ಗುಂಪು, ಅಂದರೆ 4,608 ವಿಳಾಸ ಕೊಳ್ಳಬೇಕು. ಲೆಕ್ಕದ ಸೌಕರ್ಯಕ್ಕಾಗಿ ತಲಾ 25 ಡಾಲರ್ ಎಂದು ಹಿಡಿದರೂ 1,15,200 ಡಾಲರ್. ರೂಪಾಯಿಯಲ್ಲಿ ಕೋಟಿಯ ಆಸುಪಾಸು. ತಿಂಗಳಿಗೆ ಕೆಲವು ನೂರು ರೂಪಾಯಿ ಪಡೆಯುವ ಸೇವಾದಾರನಿಗೆ ಇದು ಸಾಧ್ಯವಾಗದ ಮಾತು. ಆದ್ದರಿಂದ ಸಿಜಿನ್ಯಾಟ್ ಯಂತ್ರವನ್ನು ಕೊಂಡು, ವಿಳಾಸವೊಂದಕ್ಕೆ ಸುಮಾರು ಹತ್ತು ಗ್ರಾಹಕರನ್ನು ಕೂರಿಸುತ್ತಾನೆ.

ಇಲ್ಲಿಗೆ ಖರ್ಚು ಮುಗಿಯಿತೆಂದು ತಿಳಿಯುವುದು ತಪ್ಪು. ಸಿಜಿನ್ಯಾಟ್ ಯಂತ್ರದ ಗಾತ್ರವನ್ನು ನಿರ್ಧರಿಸುವುದು ಅದರ ಮೂಲಕ ಹಾದುಹೋಗುವ ದತ್ತಾಂಶದ ಪ್ರಮಾಣ. ಗ್ರಾಹಕರ ಸಂಖ್ಯೆ ಹೆಚ್ಚದಿದ್ದರೂ ಚಲನಚಿತ್ರ, ಕ್ರಿಕೆಟ್ ನೋಡುವ ಪ್ರಮಾಣ ವರ್ಷವರ್ಷ ಹೆಚ್ಚುತ್ತದೆ. ಯಂತ್ರವನ್ನು ಪುನಃ ಪುನಃ ಹಿಗ್ಗಿಸಬೇಕಾಗುತ್ತದೆ. ಆದರೆ ಯೂಟ್ಯೂಬ್ ಒಳಗೊಂಡಂತೆ ಗೂಗಲ್‌ನ ಸೇವೆಗಳು, ಫೇಸ್‌ಬುಕ್, ನೆಟ್‌ಫ್ಲಿಕ್ಸ್ ಮುಂತಾದ ಭಾರೀ ದತ್ತಾಂಶದ ತಾಣಗಳೆಲ್ಲ ಹೊಸ ವಿಳಾಸದಲ್ಲೂ ಲಭ್ಯ. ಗ್ರಾಹಕನಿಗೆ ಹೊಸ ವಿಳಾಸ ಕೊಟ್ಟೊಡನೆ ಈ ದತ್ತಾಂಶವೆಲ್ಲ ಸಿಜಿನ್ಯಾಟ್ ಯಂತ್ರವನ್ನು ಮುಟ್ಟದೆ ನೇರವಾಗಿ ಸಾಗುತ್ತದೆ. ಯಂತ್ರವನ್ನು ಹಿಗ್ಗಿಸುವ ಬಂಡವಾಳ ವೆಚ್ಚ ಮುಂದೂಡಲ್ಪಡುತ್ತದೆ. ಇದು ಇತರರಿಗೆ ಸಲ್ಲುವ ಲಾಭವಲ್ಲ. ಖರ್ಚು ಮಾಡಿದವನ ಜೇಬಿನಲ್ಲೇ ಉಳಿಯುವ ಹಣ. ಹಿಂದಿನ ಲೆಕ್ಕಕ್ಕೂ ಇಂದಿನ ಲೆಕ್ಕಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಎರಡನೆಯದು ದಾಖಲೆಗಳ ಹೊರೆ. ಹಂಚಿಕೆಯ ವಿಳಾಸದಲ್ಲಿ ಯಾವ ಕ್ಷಣ ಯಾವ ಗ್ರಾಹಕ ಯಾವ ಪೋರ್ಟ್ ಸಂಖ್ಯೆ ಬಳಸಿದನೆಂಬುದನ್ನು ಸೇವಾದಾರ ಬರೆದಿಡಬೇಕು. ಪರವಾನಗಿ ಷರತ್ತುಗಳಲ್ಲಿ ಇಂತಹ ದಾಖಲೆಗಳನ್ನು ಉಳಿಸಿಡುವ ಅವಧಿಯನ್ನು 2021ರ ಡಿಸೆಂಬರ್‌ನಲ್ಲಿ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಒಂದೇ ಒಂದು ಜಾಲಪುಟವನ್ನು ತೆರೆದಾಗಲೂ ಹತ್ತಾರು ಸಂಪರ್ಕಗಳು ಉಂಟಾಗುವುದರಿಂದ ಇವುಗಳ ರಾಶಿಯನ್ನು ಊಹಿಸಬಹುದು. ಹೊಸ ಪದ್ಧತಿಯಲ್ಲಿ ಗ್ರಾಹಕನಿಗೆ ಅವನದೇ ವಿಳಾಸಗುಂಪು ಇರುವುದರಿಂದ ಅಂತಹ ವಿಳಾಸ ಪರಿವರ್ತನೆಯ ದಾಖಲೆಯ ಪ್ರಸಂಗವೇ ಬರುವುದಿಲ್ಲ. ಯಾವ ಗುಂಪು ಯಾರಿಗೆ ಎಂಬ ಒಂದು ಸಾಲು ಸಾಕು.

ಆರಂಭದಲ್ಲಿ ಹೇಳಿದ ಟೆಂಡರ್ ಪ್ರಸಂಗಕ್ಕೂ ಇದೇ ಅಂಶ ತಳಕು ಹಾಕಿಕೊಂಡಿದೆ. ಹಂಚಿಕೆಯ ವಿಳಾಸದ ಹಿಂದಿದ್ದ ವ್ಯಕ್ತಿ ಯಾರೆಂದು ನಿಖರವಾಗಿ ತಿಳಿಯಬೇಕಾದರೆ ತಾಣದವರು ವಿಳಾಸ ಮತ್ತು ಸಮಯದ ಜೊತೆಗೆ ಪೋರ್ಟ್ ಸಂಖ್ಯೆಯನ್ನೂ ದಾಖಲಿಸಿರಬೇಕು. 2011ರಲ್ಲೇ ಅಂತರಜಾಲ ಮಾನಕ ಮಂಡಳಿ ಹಾಗೆ ಸಲಹೆ ನೀಡಿತ್ತು. ಅದನ್ನು ಪಾಲಿಸದ ತಾಣಗಳ ದಾಖಲೆಯಿಂದ ತಪ್ಪಿತಸ್ಥನನ್ನು ಹಿಡಿಯುವುದೂ ಕಷ್ಟ, ನಿರಪರಾಧಿ ತನ್ನನ್ನು ಬಿಡಿಸಿಕೊಳ್ಳುವುದೂ ಕಷ್ಟ. ಐರೋಪ್ಯ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ 2017ರಲ್ಲಿ ಸಿಜಿನ್ಯಾಟ್ ಬಳಕೆಯ ವಿರುದ್ಧ ದನಿಯೆತ್ತಿದ್ದು ಇದಕ್ಕಾಗಿಯೇ. ಬೆಲ್ಜಿಯಂನಲ್ಲಿ ಸೇವಾದಾರರು ಸ್ವಯಂಪ್ರೇರಿತ ಒಪ್ಪಂದದ ಮೂಲಕ ಒಂದು ವಿಳಾಸದ ಹಿಂದೆ 16ಕ್ಕಿಂತ ಹೆಚ್ಚು ಗ್ರಾಹಕರನ್ನು ಇಡಬಾರದೆಂದು ಮಿತಿ ಹಾಕಿಕೊಂಡರು. ಹೊಸ ಪದ್ಧತಿಯಲ್ಲಿ ಆ ಪುಟ್ಟ ರಾಷ್ಟ್ರ ಹಲವು ವರ್ಷ ವಿಶ್ವಕ್ಕೇ ಮೊದಲಿತ್ತು. ಹಂಚಿಕೆಗೆ ಮಿತಿ ಬಂದರೆ ಬದಲಾವಣೆಗೆ ಕಾರಣ ತಾನಾಗಿ ಸೃಷ್ಟಿಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ದಿನಾಂಕಗಳನ್ನು ಮುಂದೂಡುತ್ತಾ ಹೋಗುವುದಕ್ಕಿಂತ ನಮ್ಮ ನಿಯಂತ್ರಕರು ಇಂತಹ ಮಿತಿಯೊಂದನ್ನು ಪರಿಶೀಲಿಸುವುದು ಹೆಚ್ಚು ಪರಿಣಾಮಕಾರಿಯಾದೀತು.

ಇನ್ನು ಹೊಸ ವಿಳಾಸದ ಬೆಲೆ. ದೇಶದಲ್ಲಿ ವಿಳಾಸಗಳನ್ನು ಹಂಚುವುದು ನಿಕ್ಸಿ ಎಂಬ ಲಾಭರಹಿತ ಸಂಸ್ಥೆಯ ಅಂಗವಾದ ಐಆರ್‌ಐಎನ್‌ಎನ್. ಸೇವಾದಾರನಿಗೆ ದೊರೆಯುವ ಕನಿಷ್ಠ ಹೊಸ ಗುಂಪಿನಿಂದ 65,536 ಗ್ರಾಹಕರಿಗೆ, ಪ್ರತಿಯೊಬ್ಬರ ಆವರಣದೊಳಗೆ 65,536 ಉಪಜಾಲ ರಚಿಸುವಷ್ಟು ವಿಳಾಸ ಕೊಡಬಹುದು. ಮೇಲಿನ ಉದಾಹರಣೆಯ ಸೇವಾದಾರನ 5,000 ಗ್ರಾಹಕರು ಇದರ ಹನ್ನೆರಡರಲ್ಲೊಂದು ಭಾಗವೂ ಆಗುವುದಿಲ್ಲ. ತಾಂತ್ರಿಕ ಸಲಹೆಗಾಗಿ ನಿಕ್ಸಿಯು 2021ರ ನವೆಂಬರ್‌ನಲ್ಲಿ ‘ಐಪಿ ಗುರು’ ಎಂಬ ತಜ್ಞರ ತಂಡವನ್ನೂ ರಚಿಸಿತು.

ಹಳೆಯ ವಿಳಾಸದ ದುಬಾರಿ ವರ್ತಕರ ಬಿಲ್ಲಿಗೂ ಬರತೊಡಗಿದೆ. ಅಮೆಜಾನ್‌ನ ಕ್ಲೌಡ್ ಸೇವೆ 2024ರ ಫೆಬ್ರವರಿ 1ರಿಂದ ಪ್ರತಿ ಸಾರ್ವಜನಿಕ ಹಳೆಯ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ಶುಲ್ಕ ವಿಧಿಸಿತು. ಕೇಳಲು ಅಲ್ಪ; ವರ್ಷವಿಡೀ ಚಾಲ್ತಿಯಲ್ಲಿದ್ದರೆ ಒಂದು ವಿಳಾಸಕ್ಕೆ ಸುಮಾರು 44 ಡಾಲರ್. ರಫ್ತು ಗ್ರಾಹಕರಿಗಾಗಿ ಕ್ಲೌಡ್‌ನಲ್ಲಿ ನಾಲ್ಕಾರು ಸರ್ವರ್ ಇಟ್ಟಿರುವ ಉದ್ದಿಮೆಗಳು ಬಿಲ್ಲಿನ ಈ ಸಾಲನ್ನು ಹುಡುಕಿ ನೋಡುವುದೊಳ್ಳೆಯದು.

ಕಾರ್ಖಾನೆಯ ಒಳಗೆ

ಸಣ್ಣ ಘಟಕಗಳಲ್ಲಿ ಹಂಚಿಕೆಯ ವಿಳಾಸದ ತೊಂದರೆ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ಗೋದಾಮಿನ ಕ್ಯಾಮೆರಾವನ್ನು ಮನೆಯಿಂದ ನೇರವಾಗಿ ನೋಡಲಾಗುವುದಿಲ್ಲ. ಕ್ಯಾಮೆರಾ ತಯಾರಕರ ಸರ್ವರ್ ಮೂಲಕವೇ ನೋಡಬೇಕು, ಅಂದರೆ ಗೋದಾಮಿನ ದೃಶ್ಯ ಮೂರನೆಯವರ ಕೈಹಾದು ಬರುತ್ತದೆ. ಕಚೇರಿಯ ಲೆಕ್ಕಪತ್ರ ತಂತ್ರಾಂಶವನ್ನು ಶಾಖೆಯಿಂದ ತೆರೆಯಲು ಸ್ಥಿರ ವಿಳಾಸ ಬೇಕೆಂದರೆ ಪ್ರತ್ಯೇಕ ವಾರ್ಷಿಕ ಶುಲ್ಕ. ಇ-ಇನ್‌ವಾಯ್ಸ್ ವ್ಯವಸ್ಥೆಗೆ ತಮ್ಮ ತಂತ್ರಾಂಶವನ್ನು ನೇರವಾಗಿ ಜೋಡಿಸುವ ಸಂಸ್ಥೆಗಳು ಸ್ಥಿರ ವಿಳಾಸವನ್ನು ಮುಂಚಿತವಾಗಿ ನೋಂದಾಯಿಸಬೇಕಾಗಿರುವುದೂ ಉಂಟು. ಅದೇ ವಿಳಾಸದ ಹಿಂದಿರುವ ಅಪರಿಚಿತನೊಬ್ಬನ ಗಣಕಯಂತ್ರಕ್ಕೆ ವೈರಸ್ ತಗುಲಿ ಅದು ಕಸದ ಅಂಚೆ ಕಳುಹಿಸತೊಡಗಿದರೆ ಆ ವಿಳಾಸ ಕಪ್ಪುಪಟ್ಟಿಗೆ ಸೇರುತ್ತದೆ. ಆಗ ಏನೂ ಅರಿಯದ ವರ್ತಕನಿಗೂ ತಾಣಗಳು ಬಾಗಿಲು ಮುಚ್ಚುತ್ತವೆ.

ಹೊಸ ಪದ್ಧತಿ ಬಂದರೆ ಇವೆಲ್ಲ ಒಮ್ಮೆಲೇ ನಿವಾರಣೆಯಾಗುವುದೆಂದು ಭರವಸೆ ಕೊಡುವುದು ಸರಿಯಲ್ಲ. ನೋಡುವ ತುದಿಯೂ ನೋಡಲ್ಪಡುವ ತುದಿಯೂ ಹೊಸ ವಿಳಾಸದಲ್ಲಿದ್ದರೆ ಮಾತ್ರ ನೇರ ಸಂಪರ್ಕ. ಟೆಂಡರ್ ತಾಣವೂ ಹೊಸ ವಿಳಾಸದಲ್ಲಿ ಲಭ್ಯವಿಲ್ಲದಿದ್ದಲ್ಲಿ ಬಿಡ್ ಹಳೆಯ ಹಂಚಿಕೆಯ ವಿಳಾಸದಿಂದಲೇ ಹೋಗುತ್ತದೆ. ಅಂತಹ ತಾಣಗಳನ್ನು ಬಳಸುವವರು ಸದ್ಯಕ್ಕೆ ಪ್ರತ್ಯೇಕ ಸ್ಥಿರ ವಿಳಾಸಕ್ಕೆ ಶುಲ್ಕ ತೆರುವುದೇ ಕ್ಷೇಮ. ಹಳೆಯ ಹಾಜರಾತಿ ಯಂತ್ರ, ತೂಕದ ಯಂತ್ರ, ಲೇತ್ ನಿಯಂತ್ರಕಗಳನ್ನು ಬದಲಿಸುವ ಅಗತ್ಯವೂ ಇಲ್ಲ. ಒಳಜಾಲದಲ್ಲಿ ಅವು ಹಳೆಯ ವಿಳಾಸದಲ್ಲೇ ಮುಂದುವರಿಯಬಹುದು.

ಒಂದು ಎಚ್ಚರಿಕೆ ಮಾತ್ರ ಅನಿವಾರ್ಯ. ವಠಾರದ ಹೆಬ್ಬಾಗಿಲು ಕಾವಲಿಗಾಗಿ ಕಟ್ಟಿದ್ದಲ್ಲದಿದ್ದರೂ ಕಳ್ಳನಿಗೆ ಅಡ್ಡಿಯಾಗಿತ್ತು. ಹೊಸ ಪದ್ಧತಿಯಲ್ಲಿ ಪ್ರತಿ ಯಂತ್ರವೂ ಬೀದಿಗೆ ಮುಖ ಮಾಡಿ ನಿಲ್ಲುತ್ತದೆ. ಹೊರಗಿನಿಂದ ಆಹ್ವಾನವಿಲ್ಲದೆ ಬರುವ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ರೌಟರ್‌ನಲ್ಲಿದೆಯೇ, ಅದು ಹೊಸ ವಿಳಾಸಗಳಿಗೂ ಅನ್ವಯಿಸುವಂತೆ ಚಾಲನೆಯಲ್ಲಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಈ ಸೌಲಭ್ಯವನ್ನು ತೆರೆಯಬಾರದು. ತಯಾರಿಕೆಯ ಕಾಲದ ಗುಪ್ತಪದವನ್ನೇ ಇಂದಿಗೂ ಉಳಿಸಿಕೊಂಡಿರುವ ಕ್ಯಾಮೆರಾಗಳ ವಿಷಯದಲ್ಲಂತೂ ಇದು ಇನ್ನೂ ಮುಖ್ಯ.

ಖರೀದಿ ಆದೇಶದ ಮೂಲಕ ಒತ್ತಾಯ

ಗ್ರಾಹಕರು ಕೇಳುತ್ತಿಲ್ಲ ಎಂಬುದು ಸೇವಾದಾರರ ಹಳೆಯ ಉತ್ತರ. ಅದು ಸುಳ್ಳೇನೂ ಅಲ್ಲ. ವಿಳಾಸ ಕಣ್ಣಿಗೆ ಕಾಣದ ವಸ್ತುವಾದ್ದರಿಂದ ವೇಗ ಮತ್ತು ದರ ಬಿಟ್ಟು ಬೇರೇನನ್ನೂ ಯಾರೂ ವಿಚಾರಿಸುವುದಿಲ್ಲ. ಕೈಗಾರಿಕಾ ವಸಾಹತುವಿನ ಇಪ್ಪತ್ತು ಘಟಕಗಳು ಬೇರೆ ಬೇರೆಯಾಗಿ ಕೇಳಿದರೆ ದೊರೆಯದ ಉತ್ತರ, ಸಂಘದ ಮೂಲಕ ಒಂದೇ ಪತ್ರದಲ್ಲಿ ಕೇಳಿದರೆ ದೊರೆಯುವ ಸಂಭವ ಹೆಚ್ಚು. ಪತ್ರದಲ್ಲಿ ತಿಳಿಯಬೇಕಾದುದು ಇಷ್ಟೇ: ಈ ಸಂಪರ್ಕದಲ್ಲಿ ಐಪಿವಿ-6 ಈಗ ಚಾಲನೆಯಲ್ಲಿದೆಯೇ ಅಥವಾ ಯಾವ ದಿನಾಂಕದೊಳಗೆ ಬರುವುದು, ಗ್ರಾಹಕನಿಗೆ ಕೊಡುವ ವಿಳಾಸಗುಂಪು ಸ್ಥಿರವೋ, ಆಗಾಗ ಬದಲಾಗುವುದೋ, ಹಳೆಯ ವಿಳಾಸವೊಂದನ್ನು ಎಷ್ಟು ಮಂದಿ ಹಂಚಿಕೊಳ್ಳುತ್ತಿದ್ದಾರೆ. ‘ಸಮರ್ಥವಾಗಿದೆ’ ಎಂಬ ಉತ್ತರಕ್ಕೆ ತೃಪ್ತರಾಗಬಾರದು. ಸಮರ್ಥವಾಗಿರುವುದು ಬೇರೆ, ಚಾಲನೆಯಲ್ಲಿರುವುದು ಬೇರೆ. 2013ರ ಮಾರ್ಗನಕ್ಷೆಯ ಪದಪ್ರಯೋಗದಲ್ಲೇ ಈ ಸಡಿಲಿಕೆ ನುಸುಳಿತ್ತು.

ಉಪಕರಣ ಖರೀದಿಯಲ್ಲೂ ಇದೇ ಕ್ರಮ. ರೌಟರ್, ಕ್ಯಾಮೆರಾ, ರೆಕಾರ್ಡರ್‌ಗಳ ಆಯಸ್ಸು ಐದಾರು ವರ್ಷ. ಇಂದು ಹಳೆಯ ಪದ್ಧತಿಯದನ್ನೇ ಕೊಂಡರೆ ಅಷ್ಟು ಕಾಲ ಅದಕ್ಕೇ ಕಟ್ಟುಬೀಳಬೇಕು. ಆದಾಯ ತೆರಿಗೆಯ ದೃಷ್ಟಿಯಿಂದ ರೌಟರ್ ಮತ್ತು ಸ್ವಿಚ್‌ಗಳನ್ನು ಗಣಕಯಂತ್ರದೊಡನೆ ಬಳಸಿದಾಗ ಗಣಕಯಂತ್ರದ ದರದಲ್ಲೇ ಸವಕಳಿ ಪಡೆಯಬಹುದೆಂದು ಮುಂಬಯಿಯ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ 2010ರಲ್ಲಿ ತೀರ್ಪು ನೀಡಿತು, ಆಗ ಶೇ. 60 ಇದ್ದ ಆ ದರವನ್ನು 2018–19ರ ತೆರಿಗೆ ನಿರ್ಧರಣಾ ವರ್ಷದಿಂದ ಶೇ. 40ಕ್ಕೆ ಇಳಿಸಲಾಯಿತು. ವ್ಯವಹಾರಕ್ಕೆ ಬಳಸುವ ಉಪಕರಣದ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ಸಾಮಾನ್ಯವಾಗಿ ಲಭ್ಯ. ಆದರೆ ಜಮೆ ಪಡೆದ ತೆರಿಗೆಯ ಮೊತ್ತವನ್ನು ಉಪಕರಣದ ಬೆಲೆಗೆ ಸೇರಿಸಿ ಅದರ ಮೇಲೂ ಸವಕಳಿ ಕೇಳುವಂತಿಲ್ಲ.

ಸ್ವಂತ ಜಾಲತಾಣವಿರುವ ವರ್ತಕರು ತಾಣವನ್ನು ನಿರ್ವಹಿಸುವವರಿಂದ ‘ಎಎಎಎ’ ದಾಖಲೆ, ಅಂದರೆ ನಾಲ್ಕು ‘ಎ’ಗಳ ದಾಖಲೆ ಇದೆಯೇ ಎಂದು ವಿಚಾರಿಸಬಹುದು, ಹೊಸ ವಿಳಾಸದಿಂದ ಬರುವವರಿಗೆ ತಾಣದ ದಾರಿ ತೋರುವುದು ಅದೇ.

ಸಂಪರ್ಕದ ಆದೇಶಪತ್ರದಲ್ಲಿ ಸೇರಿಸಬಹುದಾದ ಷರತ್ತಿನ ಕರಡು ಹೀಗಿದೆ: ‘ಸೇವಾದಾರರು ಈ ಸಂಪರ್ಕದಲ್ಲಿ ಐಪಿವಿ-4ರ ಜೊತೆಗೆ ಐಪಿವಿ-6 ಸೇವೆಯನ್ನು ಹೆಚ್ಚುವರಿ ಶುಲ್ಕವಿಲ್ಲದೆ ಚಾಲನೆಯ ಸ್ಥಿತಿಯಲ್ಲಿ ಒದಗಿಸತಕ್ಕದ್ದು. ಗ್ರಾಹಕರಿಗೆ ನೀಡಿದ ವಿಳಾಸಗುಂಪನ್ನು ಲಿಖಿತವಾಗಿ ತಿಳಿಸತಕ್ಕದ್ದು ಮತ್ತು ಮೂವತ್ತು ದಿನಗಳ ಮುನ್ಸೂಚನೆಯಿಲ್ಲದೆ ಬದಲಿಸತಕ್ಕದ್ದಲ್ಲ. ಐಪಿವಿ-4 ವಿಳಾಸವನ್ನು ಇತರರೊಡನೆ ಹಂಚಿದ್ದಲ್ಲಿ, ಗ್ರಾಹಕರ ಲಿಖಿತ ಕೋರಿಕೆಯ ಮೇರೆಗೆ, ನಿರ್ದಿಷ್ಟ ದಿನಾಂಕ ಹಾಗೂ ಸಮಯದಲ್ಲಿ ಆ ವಿಳಾಸ ಹಂಚಿಕೆಯಲ್ಲಿತ್ತೆಂಬ ದೃಢೀಕರಣ ಪತ್ರವನ್ನು ಏಳು ದಿನಗಳೊಳಗೆ ನೀಡತಕ್ಕದ್ದು.’ ಟೆಂಡರ್‌ಗಳಲ್ಲಿ ಪಾಲ್ಗೊಳ್ಳುವ ಸದಸ್ಯರು ಕೊನೆಯ ವಾಕ್ಯವನ್ನು ಯಾವ ಕಾರಣಕ್ಕೂ ಬಿಡದಿರುವುದು ಲೇಸು.